ದೋಣಿ ಪ್ರೊಪೆಲ್ಲರ್‌ಗಳ ಸವೆತ ಮತ್ತು ಲೋಹಕ್ಷಯ: ಪರೀಕ್ಷಿಸುವ ಕ್ರಮ

ಹುಬ್ಬಳ್ಳಿ-ಧಾರವಾಡ ಅವಳಿ ನಗರವು ಕಡಲಿನಿಂದ ದೂರವಿದ್ದರೂ ಕಡಲಿನ ಉದ್ಯಮಕ್ಕೆ ಅಪರಿಚಿತವಲ್ಲ. ಅಂಕೋಲಾ ಮಾರ್ಗವಾಗಿ ಕಾರವಾರವು ಸುಮಾರು 165 ಕಿ.ಮೀ. ದೂರದಲ್ಲಿದೆ. ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನಗಳ ಕಾಲ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಕಾರವಾರ, ಹೊನ್ನಾವರ, ಭಟ್ಕಳ, ಮಲ್ಪೆಗಳಲ್ಲಿ ದೋಣಿಗಳ ದುರಸ್ತಿಗೆ ಇದೇ ಸಕಾಲ. ಗೋಕುಲ ರಸ್ತೆ ಮತ್ತು ತಾರಿಹಾಳದ ಸಣ್ಣ ಕಾರ್ಖಾನೆಗಳು ಇಂತಹ ಕೆಲಸವನ್ನು ಒಪ್ಪಿಕೊಳ್ಳುವ ಮುನ್ನ, ಗುಜರಿ ವ್ಯಾಪಾರಿಗಳು ಹಳೆಯ ಪ್ರೊಪೆಲ್ಲರ್ ಖರೀದಿಸಿ ಮರುಬಳಕೆಗೆ ಮಾರುವ ಮುನ್ನ, ಅದರ ಹಾನಿ ಯಾವ ಬಗೆಯದೆಂದು ನಿರ್ಧರಿಸುವುದು ಅವಶ್ಯ. ಹೊರನೋಟಕ್ಕೆ ಒಂದೇ ರೀತಿ ಕಾಣುವ ಹಾನಿಗಳ ಕಾರಣಗಳು ಬೇರೆ, ಪರಿಹಾರಗಳೂ ಬೇರೆ. ಒಳಗೆ ಸತ್ವ ಕಳೆದುಕೊಂಡ ಅಲಗಿಗೆ ಬೆಸುಗೆ ಹಾಕಿ ಕಳುಹಿಸಿದರೆ ಅದು ನಡುಗಡಲಿನಲ್ಲಿ ಮುರಿಯಬಹುದು. ಆಗ ನಷ್ಟ ಹಣಕ್ಕೆ ಸೀಮಿತವಾಗದೆ ದೋಣಿಯಲ್ಲಿರುವವರ ಪ್ರಾಣಕ್ಕೂ ಅಪಾಯ ಒದಗುತ್ತದೆ.

ಮಿಶ್ರಲೋಹದ ಗುರುತು

ಪ್ರೊಪೆಲ್ಲರ್‌ಗಳಲ್ಲಿ ಎರಡು ಮಿಶ್ರಲೋಹಗಳು ಹೆಚ್ಚು ಬಳಕೆಯಲ್ಲಿವೆ. ಮ್ಯಾಂಗನೀಸ್ ಬ್ರಾಂಜ್ ಎಂಬುದು ಹೆಸರಿಗೆ ಕಂಚಾದರೂ ವಾಸ್ತವದಲ್ಲಿ ಹಿತ್ತಾಳೆಯ ವರ್ಗಕ್ಕೆ ಸೇರಿದ್ದು, ಇದರಲ್ಲಿ ಶೇ. 35ರಿಂದ 40ರಷ್ಟು ಸತು ಇರುತ್ತದೆ. ನಿಕ್ಕೆಲ್ ಅಲ್ಯುಮಿನಿಯಂ ಬ್ರಾಂಜ್‌ನಲ್ಲಿ ತಾಮ್ರ ಶೇ. 80ರ ಆಸುಪಾಸಿನಲ್ಲಿದ್ದು, ಉಳಿದುದು ಮುಖ್ಯವಾಗಿ ಅಲ್ಯುಮಿನಿಯಂ, ನಿಕ್ಕೆಲ್ ಮತ್ತು ಕಬ್ಬಿಣ. ಎರಡನೆಯದು ಉಪ್ಪುನೀರನ್ನು ಹೆಚ್ಚು ತಡೆದುಕೊಳ್ಳುತ್ತದೆ. ಬಣ್ಣವನ್ನು ಮಾತ್ರ ನಂಬದೆ ಸ್ಪೆಕ್ಟ್ರೋಮೀಟರ್ ಪರೀಕ್ಷೆ ಮಾಡಿಸುವುದು ಲೇಸು.

ಹಾನಿಯ ಮೂರು ಬಗೆಗಳು

1. ಸವೆತ: ಮರಳುಮಿಶ್ರಿತ ನೀರಿನಲ್ಲಿ, ವಿಶೇಷವಾಗಿ ಅಳಿವೆಗಳಲ್ಲಿ ಓಡಾಡುವ ದೋಣಿಗಳಲ್ಲಿ ಅಲಗಿನ ಅಂಚು ಮತ್ತು ತುದಿ ತೆಳುವಾಗುತ್ತವೆ. ಮೇಲ್ಮೈ ನುಣುಪಾಗಿ, ಉಜ್ಜಿದಂತೆ ಹೊಳೆಯುತ್ತದೆ.

2. ಗುಳ್ಳೆಕೊರೆತ ಅಥವಾ ಕ್ಯಾವಿಟೇಶನ್: ಅಲಗಿನ ಮೇಲೆ ಒತ್ತಡ ತೀರ ಕುಸಿದ ಕಡೆ ನೀರು ಆವಿಯ ಗುಳ್ಳೆಗಳಾಗಿ, ಅವು ಒಡೆಯುವಾಗ ಲೋಹವನ್ನು ಕೊರೆಯುತ್ತವೆ. ಇಂಗ್ಲೆಂಡಿನ ಚಾರ್ಲ್ಸ್ ಪಾರ್ಸನ್ಸ್ 1894ರಲ್ಲಿ ತಮ್ಮ ‘ಟರ್ಬಿನಿಯಾ’ ನೌಕೆ ನಿರೀಕ್ಷಿತ ವೇಗ ಪಡೆಯದಿದ್ದಾಗ ಈ ವಿದ್ಯಮಾನವನ್ನು ಅಭ್ಯಸಿಸಿ, ಒಂದರ ಬದಲು ಮೂರು ಶಾಫ್ಟ್‌ಗಳನ್ನು ಅಳವಡಿಸಿದರು. ಅರ್ಧ ತೆರೆದ ವಾಲ್ವಿನ ಸೀಟಿನಲ್ಲಿ ಮತ್ತು ಪಂಪಿನ ಇಂಪೆಲ್ಲರ್‌ನಲ್ಲಿ ನಮ್ಮ ಭಾಗದ ತಯಾರಕರು ಕಾಣುವ ಕೊರೆತವೂ ಇದೇ. ಗುಂಡಿಗಳು ಸ್ಪಂಜಿನಂತೆ ಒರಟಾಗಿ, ಒಂದೇ ಕಡೆ ಗುಂಪಾಗಿರುತ್ತವೆ. ಸಾಮಾನ್ಯವಾಗಿ ಇವು ದೋಣಿಯ ಮುಂಭಾಗಕ್ಕೆ ಮುಖಮಾಡಿದ ಬದಿಯಲ್ಲಿ, ತುದಿಯ ಸಮೀಪ ಕಾಣುತ್ತವೆ. ಎಲ್ಲ ಅಲಗುಗಳಲ್ಲೂ ಒಂದೇ ಸ್ಥಾನದಲ್ಲಿದ್ದರೆ ದೋಣಿಗೂ ಎಂಜಿನಿಗೂ ಪ್ರೊಪೆಲ್ಲರ್ ಹೊಂದುತ್ತಿಲ್ಲವೆಂದು ಶಂಕಿಸಬೇಕು. ಒಂದೇ ಅಲಗಿನಲ್ಲಿದ್ದರೆ ಆ ಅಲಗು ಬಾಗಿರುವ ಸಂಭವ ಹೆಚ್ಚು.

3. ಲೋಹಕ್ಷಯ: ಉಪ್ಪುನೀರಿನಲ್ಲಿ ಮ್ಯಾಂಗನೀಸ್ ಬ್ರಾಂಜ್‌ನಿಂದ ಸತು ಕರಗಿಹೋಗಿ, ರಂಧ್ರಮಯವಾದ ತಾಮ್ರ ಮಾತ್ರ ಉಳಿಯುತ್ತದೆ. ಬಂಗಾರದ ಹಳದಿಯ ನಡುವೆ ನಸುಗೆಂಪು ಕಲೆಗಳು ಇದರ ಲಕ್ಷಣ. ಆಕಾರ ಬದಲಾಗದಿರುವುದರಿಂದ ಕಣ್ಣಿಗೆ ಮೋಸವಾಗುವುದು ಇಲ್ಲಿಯೇ.

ಪರೀಕ್ಷೆಯ ಹಂತಗಳು

ಮೊದಲು ಚಿಪ್ಪು, ಪಾಚಿಗಳನ್ನು ತೆಗೆದು ಸಿಹಿನೀರಿನಲ್ಲಿ ತೊಳೆಯಬೇಕು. ಈ ಹಂತದಲ್ಲಿ ಗ್ರೈಂಡರ್ ಬಳಸಬಾರದು. ಅದು ಹಾನಿಯ ಗುರುತುಗಳನ್ನೇ ಅಳಿಸಿಬಿಡುತ್ತದೆ. ಬಳಿಕ ಕೆಂಪು ಕಲೆಯಿದ್ದಲ್ಲಿ ಅರದಿಂದ ಹಗುರವಾಗಿ ಉಜ್ಜಬೇಕು. ತುಸುವೇ ಉಜ್ಜಿದಾಗ ಹಳದಿ ಲೋಹ ಕಂಡರೆ ಕ್ಷಯ ಮೇಲುಪದರದ್ದು. ಆಳಕ್ಕೂ ಕೆಂಪೇ ಮುಂದುವರಿದರೆ ಲೋಹದ ಬಲ ಹೋಗಿದೆಯೆಂದೇ ತಿಳಿಯಬೇಕು. ಪ್ರೊಪೆಲ್ಲರನ್ನು ತೂಗುಹಾಕಿ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಗಟ್ಟಿ ಲೋಹವು ಗಂಟೆಯಂತೆ ನಾದ ಕೊಡುತ್ತದೆ. ಬೋದು ಸದ್ದು ಬಂದರೆ ಬಿರುಕು ಅಥವಾ ಕ್ಷಯವನ್ನು ಶಂಕಿಸಬೇಕು. ಅಲಗಿನ ಬುಡದಲ್ಲಿ ಕೆಂಪು ದ್ರವ ಹಾಗೂ ಬಿಳಿ ಡೆವಲಪರ್ ಬಳಸುವ ಡೈ ಪರೀಕ್ಷೆಯನ್ನು ತಪ್ಪದೆ ನಡೆಸಬೇಕು.

ದೋಣಿಯ ಸತುವಿನ ಆನೋಡನ್ನೂ ನೋಡಬೇಕು. ಅದು ಪೂರ್ತಿ ಕರಗಿದ್ದರೆ ಬದಲಾವಣೆ ತಡವಾಗಿದೆಯೆಂದರ್ಥ. ಪ್ರೊಪೆಲ್ಲರ್ ಕೆಂಪಾಗಿದ್ದೂ ಆನೋಡ್ ಹೊಸದರಂತಿದ್ದರೆ, ಅದಕ್ಕೆ ಬಣ್ಣ ಬಳಿಯಲಾಗಿದೆ ಅಥವಾ ಅದರ ವಿದ್ಯುತ್ ಸಂಪರ್ಕ ತಪ್ಪಿದೆ. ಈ ದೋಷ ಸರಿಪಡಿಸದೆ ಹೊಸ ಪ್ರೊಪೆಲ್ಲರ್ ಹಾಕಿದರೂ ಅದೇ ಗತಿಯಾಗುತ್ತದೆ.

ದುರಸ್ತಿಯೋ, ಕುಲುಮೆಯೋ?

ತುದಿ ಹಾಗೂ ಅಂಚಿನ ಸವೆತವನ್ನೂ, ಆಳವಿಲ್ಲದ ಗುಳ್ಳೆಕೊರೆತವನ್ನೂ ಬೆಸುಗೆಯಿಂದ ತುಂಬಿ, ಪಿಚ್ ಅಳೆದು, ಸಮತೋಲನ ಮಾಡಿ ಮರಳಿಸಬಹುದು. ಬುಡದ ಮಾತು ಬೇರೆ. ಹಡಗು ವರ್ಗೀಕರಣ ಸಂಸ್ಥೆಗಳ ಅಂತರರಾಷ್ಟ್ರೀಯ ಸಂಘದ ನಿಯಮದಂತೆ, ನೂಕುವ ಬದಿಯಲ್ಲಿ ಬುಡದಿಂದ ಪ್ರೊಪೆಲ್ಲರಿನ ತ್ರಿಜ್ಯದ 0.4 ಭಾಗದವರೆಗಿನ ಮುಖ್ಯ ಕ್ಷೇತ್ರದಲ್ಲಿ ಬೆಸುಗೆಗೆ ಸಾಮಾನ್ಯವಾಗಿ ಅನುಮತಿಯಿಲ್ಲ. ಆ ನಿಯಮ ದೊಡ್ಡ ಹಡಗುಗಳದ್ದಾದರೂ ಸಣ್ಣ ದೋಣಿಗಳ ಕೆಲಸಕ್ಕೂ ಒಳ್ಳೆಯ ಮಾರ್ಗದರ್ಶಿ. ಮ್ಯಾಂಗನೀಸ್ ಬ್ರಾಂಜ್‌ಗೆ ಬೆಸುಗೆಯ ನಂತರ ಒತ್ತಡ ನಿವಾರಣೆಗಾಗಿ ಹದವಾಗಿ ಕಾಯಿಸುವುದು ಅಗತ್ಯ. ಇಲ್ಲವಾದರೆ ಉಪ್ಪುನೀರಿನಲ್ಲಿ ಬೆಸುಗೆಯ ಪಕ್ಕವೇ ಬಿರುಕು ಬಿಡುತ್ತದೆ. ಸತು ಆಳವಾಗಿ ಕರಗಿದ ಪ್ರೊಪೆಲ್ಲರ್ ದುರಸ್ತಿಗೆ ಯೋಗ್ಯವಲ್ಲ. ಅದಕ್ಕೆ ಗುಜರಿ ಲೋಹದ ಬೆಲೆಯಷ್ಟೇ ಉಂಟು, ಅದರ ಸ್ಥಾನ ಕುಲುಮೆ.

ಪ್ರತಿ ಪ್ರೊಪೆಲ್ಲರಿನ ತೂಕ, ಮಿಶ್ರಲೋಹ, ಹಾನಿಯ ಬಗೆ ಮತ್ತು ಸ್ಥಾನವನ್ನು ಕೆಲಸ ಆರಂಭಿಸುವ ಮುನ್ನವೇ ಬರೆದು, ಛಾಯಾಚಿತ್ರ ಸಹಿತ ಗ್ರಾಹಕರ ಸಹಿ ಪಡೆಯುವುದು ಉತ್ತಮ ಪದ್ಧತಿ. ದರದ ಚರ್ಚೆಗೆ ಅದು ಆಧಾರ. ಮುಂದಿನ ಮಳೆಗಾಲದಲ್ಲಿ ಅದೇ ಪ್ರೊಪೆಲ್ಲರ್ ಮರಳಿ ಬಂದಾಗ, ಹಾನಿ ಎಷ್ಟು ಮುಂದುವರಿದಿದೆಯೆಂದು ಹೋಲಿಸಿ ನೋಡಲು ಆ ದಾಖಲೆಯೇ ನೆರವಾಗುತ್ತದೆ.