ಆಸ್ಪತ್ರೆಯಲ್ಲಿ ಹೆರಿಗೆ: ಕಾಯಬೇಕಾದ ಹೊತ್ತು, ಕಾಯಬಾರದ ಹೊತ್ತು

ಗರ್ಭಿಣಿಯು ಒಂಬತ್ತನೆಯ ತಿಂಗಳಿಗೆ ಮುನ್ನವೇ ಸೂತಿಕಾಗಾರವನ್ನು ಸಿದ್ಧಪಡಿಸಿಕೊಳ್ಳಬೇಕೆಂದು ಚರಕಸಂಹಿತೆಯ ಶಾರೀರಸ್ಥಾನವು ವಿಧಿಸುತ್ತದೆ. ಔಷಧಿ, ನೀರು, ಅಗ್ನಿ, ಉಪಕರಣಗಳು ಅಲ್ಲಿರಬೇಕು. ಹಲವು ಸಲ ಹೆತ್ತ, ವಾತ್ಸಲ್ಯವುಳ್ಳ ಸ್ತ್ರೀಯರು ಜೊತೆಗಿರಬೇಕು. ಆಸ್ಪತ್ರೆಯ ಹೆರಿಗೆ ಕೋಣೆಯೇ ಇಂದಿನ ಸೂತಿಕಾಗಾರ. ಅಲ್ಲಿ ಏನು ನಡೆಯುವುದೆಂಬುದನ್ನು ಮೊದಲೇ ಅರಿಯದ ಕುಟುಂಬಗಳು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಎಡವುತ್ತವೆ: ತಾಳ್ಮೆ ಬೇಕಾದಲ್ಲಿ ಆತುರಪಡುತ್ತವೆ, ತ್ವರೆ ಬೇಕಾದಲ್ಲಿ ತಡಮಾಡುತ್ತವೆ. ಇವೆರಡರ ವಿವೇಚನೆಯೇ ಈ ಲೇಖನದ ಉದ್ದೇಶ.

ಪೂರ್ವಸಿದ್ಧತೆ

ಚೊಚ್ಚಲ ಹೆರಿಗೆ ತವರಿನಲ್ಲಾಗುವುದು ನಮ್ಮಲ್ಲಿ ರೂಢಿ. ತವರಿಗೆ ಹೋದ ಕೂಡಲೇ ಅಲ್ಲಿಯ ಆಶಾ ಕಾರ್ಯಕರ್ತೆಗೆ ತಿಳಿಸಿ, ಹೆರಿಗೆಯಾಗಬೇಕಾದ ಆಸ್ಪತ್ರೆಗೆ ಒಮ್ಮೆ ಹೋಗಿ ತಪಾಸಣೆ ಮಾಡಿಸಿಕೊಳ್ಳುವುದು ಲೇಸು. ತಾಯಿ ಕಾರ್ಡ್, ರಕ್ತದ ಗುಂಪಿನ ವರದಿ, ಸ್ಕ್ಯಾನಿಂಗ್ ವರದಿಗಳು, ಆಧಾರ್ ಇವೆಲ್ಲ ಒಂದೇ ಚೀಲದಲ್ಲಿರಲಿ. ಒಗೆದು ಒಣಗಿಸಿದ ಮೆತ್ತನೆಯ ಹತ್ತಿಬಟ್ಟೆ, ಮಗುವಿಗೆ ಕುಲಾವಿ, ಪ್ಯಾಡುಗಳನ್ನೂ ಇಟ್ಟುಕೊಳ್ಳಿರಿ. ಅಗತ್ಯ ಬಿದ್ದರೆ ರಕ್ತ ಕೊಡಬಲ್ಲ ಇಬ್ಬರನ್ನು ಪತಿಯು ಮೊದಲೇ ಗೊತ್ತುಮಾಡಿರಬೇಕು.

2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸಹಜ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ ಎಲ್ಲವೂ ಉಚಿತ. ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನ ಊಟವೂ, ಮನೆಗೆ ಮರಳಲು ವಾಹನವೂ ಉಂಟು. ಇದು ಗರ್ಭಿಣಿಯ ಹಕ್ಕು, ಕೇಳಲು ಸಂಕೋಚಪಡಬೇಕಿಲ್ಲ.

ಯಾವಾಗ ಹೊರಡಬೇಕು?

ಹುಸಿನೋವು ಬಂದು ಹೋಗುತ್ತದೆ, ನಡೆದಾಡಿದರೆ ತಗ್ಗುತ್ತದೆ. ನಿಜವಾದ ನೋವು ಕ್ರಮಬದ್ಧವಾಗಿ ಬಂದು, ಬರಬರುತ್ತ ಬಲಗೊಳ್ಳುತ್ತದೆ. ಚೊಚ್ಚಲಿನಲ್ಲಿ 5 ನಿಮಿಷಕ್ಕೊಮ್ಮೆಯಂತೆ ಒಂದು ಗಂಟೆ ನೋವು ಬಂದರೆ ಹೊರಡಬೇಕು. ಆಸ್ಪತ್ರೆ ದೂರವಿದ್ದರೆ, ಅಥವಾ ಎರಡನೆಯ ಹೆರಿಗೆಯಾದರೆ, ಇನ್ನೂ ಮುಂಚೆಯೇ.

ನೀರು ಒಡೆದರೆ, ರಕ್ತ ಹೋದರೆ, ಮಗುವಿನ ಚಲನೆ ಕಡಿಮೆಯಾದರೆ, ತೀವ್ರ ತಲೆನೋವು ಬಂದು ಕಣ್ಣು ಮಂಜಾದರೆ, ಫಿಟ್ಸ್ ಬಂದರೆ ನೋವಿಗಾಗಿ ಕಾಯಕೂಡದು. 108ಕ್ಕೆ ಕರೆ ಮಾಡಿ ಆಗಲೇ ಹೊರಡಿರಿ.

ಹೆರಿಗೆ ಕೋಣೆಯಲ್ಲಿ

ದಾಖಲಾದ ಮೇಲೆ ರಕ್ತದೊತ್ತಡ, ನಾಡಿ, ಗರ್ಭಕಂಠ ತೆರೆದ ಪ್ರಮಾಣ ಇವುಗಳನ್ನು ಪರೀಕ್ಷಿಸುವರು. ಮಗುವಿನ ಹೃದಯಬಡಿತವನ್ನು ಪದೇಪದೇ ಆಲಿಸುವರು. ನಿಮಿಷಕ್ಕೆ 110ರಿಂದ 160 ಸಹಜ. ಜೊತೆಗಿರಲು ಹೆತ್ತ ಅನುಭವವುಳ್ಳ ಒಬ್ಬ ಮಹಿಳೆಗೆ ಅನೇಕ ಆಸ್ಪತ್ರೆಗಳಲ್ಲಿ ಅವಕಾಶವಿದೆ. ಮರೆಯ ಏರ್ಪಾಡಿರುವಲ್ಲಿ ಪತಿಗೂ ಉಂಟು. ಬೆನ್ನು ನೀವುವ ಕೈ, ಧೈರ್ಯದ ಮಾತು ಇವು ನೋವನ್ನು ಸಹಿಸುವ ಶಕ್ತಿಯನ್ನು ಹೆಚ್ಚಿಸುತ್ತವೆ.

ಮೊದಲ ಹಂತವೇ ದೀರ್ಘ. ಚೊಚ್ಚಲ ಹೆರಿಗೆಗೆ ಒಟ್ಟು 12ರಿಂದ 18 ಗಂಟೆ ಹಿಡಿಯುವುದು ಅಸಹಜವೇನಲ್ಲ. ಗರ್ಭಕಂಠವು 10 ಸೆಂಟಿಮೀಟರ್ ತೆರೆಯುವವರೆಗೆ ಮುಕ್ಕಬಾರದು. ಆವಿ, ಎಂದರೆ ಹೆರಿಗೆಯ ನೋವು, ಇಲ್ಲದಾಗ ಮುಕ್ಕಿದರೆ ಶ್ರಮವೆಲ್ಲ ವ್ಯರ್ಥವೆಂದು ಚರಕರೂ ಎಚ್ಚರಿಸಿದ್ದಾರೆ. ತಾಯಿ, ಮಗು ಇಬ್ಬರೂ ಕ್ಷೇಮವಾಗಿರುವಾಗ "ಬೇಗ ಏನಾದರೂ ಮಾಡಿ" ಎಂದು ವೈದ್ಯರನ್ನು ಒತ್ತಾಯಿಸುವುದು ತರವಲ್ಲ. ನೋವು ಹೆಚ್ಚಿಸಲೆಂದು ಮನೆಯ ಕಷಾಯವನ್ನು ಗುಟ್ಟಾಗಿ ಕುಡಿಸುವುದು ಅಪಾಯಕರ. ಆಯುರ್ವೇದದ ಔಷಧಿಯಾದರೂ ವೈದ್ಯರಿಗೆ ತಿಳಿಸದೆ ಕೊಡಕೂಡದು.

ಎರಡನೆಯ ಹಂತದಲ್ಲಿ ಮಗು, ಮೂರನೆಯದರಲ್ಲಿ ಮಾಸು ಹೊರಬರುತ್ತವೆ. ಮಗು ಹುಟ್ಟಿದೊಡನೆ ತಾಯಿಗೆ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುವುದು ರಕ್ತಸ್ರಾವ ತಡೆಯಲಿಕ್ಕಾಗಿ.

ಶಸ್ತ್ರಚಿಕಿತ್ಸೆಯ ಪ್ರಶ್ನೆ

ಮುಹೂರ್ತ ನೋಡಿ ಸಿಸೇರಿಯನ್ ಮಾಡಿಸುವ ಪದ್ಧತಿ ಬೆಳೆಯುತ್ತಿರುವುದು ವಿಷಾದಕರ. ಕಾರಣವಿಲ್ಲದೆ 39 ವಾರಕ್ಕೆ ಮುಂಚೆ ತೆಗೆದ ಮಗುವಿಗೆ ಉಸಿರಾಟದ ತೊಂದರೆಯ ಸಂಭವ ಹೆಚ್ಚು. ಆದರೆ ಮಗುವಿನ ಹೃದಯಬಡಿತ ಕುಸಿಯುತ್ತಿದೆ, ಹೆರಿಗೆ ಮುಂದುವರಿಯುತ್ತಿಲ್ಲ ಎಂದು ವೈದ್ಯರು ಹೇಳಿದ ಮೇಲೆ, ಊರಿನಿಂದ ಹಿರಿಯರು ಬರಲೆಂದು ಸಹಿಯನ್ನು ತಡೆಹಿಡಿಯುವುದು ಅದಕ್ಕಿಂತ ಘೋರ. ವಯಸ್ಕಳಾದ ಗರ್ಭಿಣಿಯ ಒಪ್ಪಿಗೆಯೇ ಇಲ್ಲಿ ಮುಖ್ಯ. ಕಾರಣವನ್ನು ಕೇಳಿ ತಿಳಿಯಿರಿ, ತಡಮಾಡದೆ ಒಪ್ಪಿಗೆ ಕೊಡಿರಿ. ಶಸ್ತ್ರಚಿಕಿತ್ಸೆಗೆ ಮುನ್ನ ಒಡವೆಗಳನ್ನು ತೆಗೆಸುವರು. ಇಷ್ಟಲಿಂಗವನ್ನು ಯಾರ ಕೈಯಲ್ಲಿ ಇರಿಸಬೇಕೆಂಬುದನ್ನು ಮನೆಯಲ್ಲೇ ನಿಶ್ಚಯಿಸಿರುವುದು ಒಳಿತು.

ಮಗು ಹುಟ್ಟಿದ ಮೇಲೆ

ಮಗುವನ್ನು ಒರೆಸಿ ತಾಯಿಯ ಎದೆಯ ಮೇಲೆ ಮಲಗಿಸುವರು. ಈ ಮೈಶಾಖವೇ ಅದಕ್ಕೆ ಮೊದಲ ರಕ್ಷೆ. ಒಂದು ಗಂಟೆಯೊಳಗೆ ಎದೆಹಾಲು ಕುಡಿಸಬೇಕು. ಹಳದಿಯಾದ ಆ ಮೊದಲ ಹಾಲನ್ನು ಹಿಂಡಿ ಚೆಲ್ಲಬಾರದು. ಮಗುವಿಗೆ ರೋಗನಿರೋಧಕ ಶಕ್ತಿಯನ್ನು ಕೊಡುವುದು ಅದೇ. ಜಾತಕರ್ಮದಲ್ಲಿ ಜೇನು-ತುಪ್ಪ ನೆಕ್ಕಿಸುವ ವಿಧಿ ನಮ್ಮ ಗ್ರಂಥಗಳಲ್ಲಿದೆ ನಿಜ. ಆದರೆ ಜೇನಿನ ಮೂಲಕ ಶಿಶುವಿಗೆ ಮಾರಕವಾದ ಸೋಂಕು ತಗಲಬಹುದೆಂದು ಇಂದು ತಿಳಿದಿರುವುದರಿಂದ ಜೇನು, ಸಕ್ಕರೆನೀರು ಯಾವುದೂ ಬೇಡ. ಮೊದಲ ದಿನ ಸ್ನಾನವೂ ಬೇಡ. ವಿಟಮಿನ್ ಕೆ ಚುಚ್ಚುಮದ್ದು, ಬಿಸಿಜಿ, ಪೋಲಿಯೊ ಹನಿ ಹಾಗೂ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿರುವುದನ್ನು ಕಾರ್ಡಿನಲ್ಲಿ ನೋಡಿಕೊಳ್ಳಿರಿ.

ಮಗುವನ್ನು ನೋಡುವ ಸಂಭ್ರಮದಲ್ಲಿ ಬಾಣಂತಿಯನ್ನು ಮರೆಯುವುದು ದೊಡ್ಡ ಲೋಪ. ಅತಿ ರಕ್ತಸ್ರಾವದ ಅಪಾಯವು ಮೊದಲ 24 ಗಂಟೆಗಳಲ್ಲಿ ಹೆಚ್ಚು. ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ನೆನೆದರೆ, ತಲೆ ಸುತ್ತಿ ಮೈ ತಣ್ಣಗಾದರೆ ಕೂಡಲೇ ದಾದಿಯನ್ನು ಕರೆಯಬೇಕು. ಹೆರಿಗೆ ಸಹಜವಾಗಿದ್ದರೂ 48 ಗಂಟೆ ಆಸ್ಪತ್ರೆಯಲ್ಲೇ ಇರತಕ್ಕದ್ದು. ಬಾಣಂತಿಗೆ ನೀರು ಕೊಡದಿರುವ ರೂಢಿಗೆ ಆಯುರ್ವೇದದ ಹೆಸರನ್ನು ಹೇಳುವುದು ಸಲ್ಲದು. ಕಾಯಿಸಿದ ನೀರು, ಗಂಜಿ, ತಿಳಿಸಾರು ಧಾರಾಳವಾಗಿ ಕೊಡಿರಿ. 21 ದಿನಗಳೊಳಗೆ ಜನನ ನೋಂದಣಿಯಾಗಬೇಕು. ಮನೆಗೆ ಹೊರಡುವ ಮುನ್ನ ಆಸ್ಪತ್ರೆಯಲ್ಲಿ ಅದನ್ನು ವಿಚಾರಿಸಿರಿ.

ಹೆರುವ ಕೆಲಸ ತಾಯಿಯದು. ಅವಳಿಗೆ ಬೇಕಾದ ಸಮಯ ಕೊಡುವುದು, ಅಪಾಯ ಕಂಡಾಗ ಒಂದು ಗಳಿಗೆಯನ್ನೂ ಕಳೆಯದಿರುವುದು ಮನೆಯವರ ಕೆಲಸ. ಈ ಅರಿವನ್ನು ಪತಿಯೂ ಅತ್ತೆಯೂ ತಾಯಿಯೂ ಏಳನೆಯ ತಿಂಗಳಲ್ಲೇ ಕುಳಿತು ಹಂಚಿಕೊಳ್ಳಲಿ.