ಬಿಸಿ ಸಾಂಬಾರು ಮತ್ತು ಪ್ಲಾಸ್ಟಿಕ್: ಸದಸ್ಯರು ಅರಿಯಬೇಕಾದ ವಿಷಯ



ನಮ್ಮ ಸಭೆಗಳಲ್ಲಿ ಪ್ಲಾಸ್ಟಿಕ್ ಕುರಿತ ಚರ್ಚೆ ಸಾಮಾನ್ಯವಾಗಿ ಚರಂಡಿ ಹಾಗೂ ಕಸ ವಿಲೇವಾರಿಗೆ ಸೀಮಿತವಾಗಿರುತ್ತದೆ. ಆದರೆ ಪ್ಲಾಸ್ಟಿಕ್ ಕಸವಾಗುವ ಮೊದಲೇ, ಆಹಾರವನ್ನು ತುಂಬಿಕೊಂಡಿರುವಾಗಲೇ, ತನ್ನಲ್ಲಿರುವ ರಾಸಾಯನಿಕಗಳನ್ನು ಅದಕ್ಕೆ ಬಿಟ್ಟುಕೊಡಬಲ್ಲದು. ಇಡ್ಲಿ ಬೇಯಿಸುವಾಗ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವುದರ ವಿರುದ್ಧ 2025ರ ಫೆಬ್ರವರಿಯಲ್ಲಿ ರಾಜ್ಯ ಆರೋಗ್ಯ ಇಲಾಖೆಯು ಕ್ರಮಕ್ಕೆ ಮುಂದಾದದ್ದು ಈ ಕಾರಣದಿಂದಲೇ.

ರಾಸಾಯನಿಕ ಆಹಾರಕ್ಕೆ ಇಳಿಯುವ ಬಗೆ

ಪ್ಲಾಸ್ಟಿಕ್ಕನ್ನು ಮೃದುಗೊಳಿಸಲು, ಬಣ್ಣ ನೀಡಲು, ಬಾಳಿಕೆ ಹೆಚ್ಚಿಸಲು ಬೆರೆಸುವ ಹಲವು ಪದಾರ್ಥಗಳು ಅದರ ಅಣುಸರಪಳಿಗೆ ಬೆಸೆದುಕೊಂಡಿರುವುದಿಲ್ಲ. ಉಪ್ಪಿನಲ್ಲಿಟ್ಟ ಮಾವಿನಕಾಯಿಯನ್ನು ನೀರಿನಲ್ಲಿ ನೆನೆಸಿದರೆ ಉಪ್ಪು ಹೊರಬರುವಂತೆ ಅವೂ ಹೊರಬರುತ್ತವೆ. ಬಿಸಿ, ಎಣ್ಣೆ ಅಥವಾ ಹುಳಿ, ದೀರ್ಘಕಾಲದ ಸಂಪರ್ಕ ಇವು ಈ ಕ್ರಿಯೆಯನ್ನು ಹೆಚ್ಚಿಸುತ್ತವೆ. ತೆಳು ಚೀಲದಲ್ಲಿ ಕಟ್ಟಿಸಿ ತಂದ ಸಾಂಬಾರಿನಲ್ಲಿ ಇವೆಲ್ಲವೂ ಕೂಡಿರುತ್ತವೆ.

ರಕ್ತದ ಚೀಲದ ಪ್ರಶ್ನೆ

“ರಕ್ತವನ್ನೇ ಪ್ಲಾಸ್ಟಿಕ್ ಚೀಲದಲ್ಲಿಡುವಾಗ ಸಾಂಬಾರಿಗೇನು ಬಾಧೆ?” ಎಂದು ಕೇಳುವವರುಂಟು. ಪಿವಿಸಿ ರಕ್ತಚೀಲವನ್ನು ಮೃದುಗೊಳಿಸುವ ಡಿಇಎಚ್‌ಪಿ ಎಂಬ ರಾಸಾಯನಿಕವು ರಕ್ತಕ್ಕೆ ಇಳಿಯುತ್ತದೆ ಎಂಬುದು 1970ರ ದಶಕದಿಂದಲೇ ತಿಳಿದಿದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಗಂಡು ಮರಿಗಳ ಬೆಳವಣಿಗೆಗೆ ತೊಂದರೆ ಕಂಡುಬಂದ ಕಾರಣ, ನವಜಾತ ಗಂಡು ಶಿಶುಗಳಿಗೆ ಸಾಧ್ಯವಿದ್ದಲ್ಲಿ ಬದಲಿ ಸಾಧನ ಬಳಸುವಂತೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2002ರಲ್ಲಿ ಸಲಹೆ ನೀಡಿತು. ಅಗತ್ಯ ಚಿಕಿತ್ಸೆಯನ್ನು ಮಾತ್ರ ತಪ್ಪಿಸಬಾರದೆಂದು ತಿಳಿಸಿತು. ಅದೇ ರಾಸಾಯನಿಕವು ಕೆಂಪು ರಕ್ತಕಣಗಳು ಬೇಗ ಕೆಡದಂತೆಯೂ ಕಾಪಾಡುತ್ತದೆ. ಅಲ್ಲಿ ಲಾಭ-ನಷ್ಟ ತೂಗಿ ನೋಡಿದ್ದಾರೆ. ಜೀವ ಉಳಿಸುವ ಅಗತ್ಯವೂ ಇದೆ. ಸಾಂಬಾರಿನ ಚೀಲಕ್ಕೆ ಅಂತಹ ಅಗತ್ಯವಿಲ್ಲ.

ನಿಯಮ

ಆಹಾರ ಸುರಕ್ಷತೆಯ ಪ್ಯಾಕೇಜಿಂಗ್ ನಿಯಮಗಳು, 2018ರ ಪ್ರಕಾರ ಪ್ಲಾಸ್ಟಿಕ್‌ನಿಂದ ಒಂದು ಕಿಲೋ ಆಹಾರಕ್ಕೆ ಇಳಿಯುವ ಒಟ್ಟು ಪದಾರ್ಥವು 60 ಮಿಲಿಗ್ರಾಂ ಮೀರಬಾರದು. ಪರೀಕ್ಷೆಗೊಳಪಡದ, ಮೂಲ ತಿಳಿಯದ ಚೀಲಕ್ಕೆ ಈ ಭರವಸೆ ಇರುವುದಿಲ್ಲ.

ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು

1. ಅಂಗನವಾಡಿ ಹಾಗೂ ಶಾಲೆಗಳಲ್ಲಿ ಬಿಸಿ ಸಾಂಬಾರನ್ನು ಪ್ಲಾಸ್ಟಿಕ್ ಬಕೆಟ್, ಮಗ್ಗಿನಿಂದ ಬಡಿಸುತ್ತಿದ್ದಲ್ಲಿ ಸ್ಟೀಲ್ ಪಾತ್ರೆ ಒದಗಿಸುವುದು.
2. ಪರವಾನಗಿ ನವೀಕರಣದ ವೇಳೆ ಹೋಟೆಲಿನವರಿಗೆ ವಿಷಯ ಮನವರಿಕೆ ಮಾಡುವುದು. ಗ್ರಾಹಕರು ಮನೆಯಿಂದ ಪಾತ್ರೆ ತರುವಂತೆ ಪ್ರೋತ್ಸಾಹಿಸುವುದು.
3. ಜಾತ್ರೆ, ಮದುವೆಗಳಿಗೆ ಸ್ಟೀಲ್ ತಟ್ಟೆ-ಲೋಟಗಳನ್ನು ಸ್ವಸಹಾಯ ಸಂಘದ ಮೂಲಕ ಬಾಡಿಗೆಗೆ ನೀಡುವುದು. ಇದರಿಂದ ಸಂಘಕ್ಕೆ ಆದಾಯವೂ ಬರುತ್ತದೆ.
4. ಕೀಟನಾಶಕ, ಬಣ್ಣ ಅಥವಾ ರಾಸಾಯನಿಕ ತುಂಬಿದ್ದ ಡ್ರಮ್ಮುಗಳಲ್ಲಿ ಕುಡಿಯುವ ನೀರು ತುಂಬದಂತೆ ಪ್ರಚಾರ ಮಾಡುವುದು. ಪ್ಲಾಸ್ಟಿಕ್ ಹೀರಿಕೊಂಡ ವಿಷ ತೊಳೆದ ಮಾತ್ರಕ್ಕೆ ಹೋಗುವುದಿಲ್ಲ.

ಒಂದು ಹೊತ್ತಿನ ಊಟದಿಂದ ರೋಗ ಬರುತ್ತದೆಂದು ಹೆದರಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ಅಂಗನವಾಡಿಯ ಮಗು ದಿನವೂ ಅದೇ ಪಾತ್ರೆಯಿಂದ ಬಡಿಸಿದ್ದನ್ನು ಉಣ್ಣುತ್ತದೆ. ಪಾತ್ರೆಯನ್ನು ಆರಿಸುವ ಅವಕಾಶ ಅದಕ್ಕಿಲ್ಲ, ನಮಗಿದೆ. ಆದ್ದರಿಂದ ಮುಂದಿನ ಗ್ರಾಮಸಭೆಗೆ ಮುನ್ನ ತಾವು ತಮ್ಮ ವಾರ್ಡಿನ ಅಂಗನವಾಡಿಗೆ ಊಟದ ಹೊತ್ತಿನಲ್ಲಿ ಭೇಟಿ ನೀಡಿ, ಸಾಂಬಾರು ಯಾವ ಪಾತ್ರೆಯಲ್ಲಿದೆ ಎಂಬುದನ್ನು ಸ್ವತಃ ಪರಿಶೀಲಿಸಬೇಕಾಗಿ ಕೋರಿದೆ.