ಆನೆ ಹೊರಹೋಗುವ ದಾರಿ

ಕುಣಿಗಲ್

ಚಿ. ಪುಟ್ಟಿಗೆ,

ಹೋದ ಭಾನುವಾರ ನೀನು ತೋರಿಸಿದ ಆಟ ಇನ್ನೂ ಕಣ್ಣಮುಂದಿದೆ. ರಾಗಿ ಹೊಲ, ನಡುವೆ ಅಟ್ಟಣೆ, ಅದರ ಮೇಲೆ ಕವಣೆ ಹಿಡಿದ ಹುಡುಗಿ, ತೆನೆಗೆ ಇಳಿಯುವ ಗುಬ್ಬಿಗಳು. ದಿನವೂ ಗುಬ್ಬಿಯಿಂದ ತುಮಕೂರಿಗೆ ರೈಲಿನಲ್ಲಿ ಓಡಾಡಿ ಎಂಜಿನಿಯರಿಂಗ್ ಓದುತ್ತಾ, ಸಿಕ್ಕ ಹೊತ್ತಿನಲ್ಲೇ ಇಷ್ಟು ಮಾಡಿದ್ದೀಯಲ್ಲ ಎಂದು ನನಗೆ ತುಂಬಾ ಹೆಮ್ಮೆಯಾಯಿತು. ಆದರೆ ಹತ್ತು ನಿಮಿಷ ಆಡುವಷ್ಟರಲ್ಲಿ ಬರಿಗಾಳಿಗೆ ಕಲ್ಲು ತಾಗಿ ಅಂಕ ಬಂತು, ಆಟ ತಡವರಿಸತೊಡಗಿ ಕೊನೆಗೆ ನಿಂತೇಹೋಯಿತು. "ಲ್ಯಾಪ್‌ಟಾಪ್ ಹಳೇದು ದೊಡ್ಡಮ್ಮ" ಅಂದೆ. ತಪ್ಪು ಲ್ಯಾಪ್‌ಟಾಪಿನದಲ್ಲ ಮಗಳೇ. ನೀನು ಕಳಿಸಿದ ಸ್ಕ್ರಿಪ್ಟನ್ನು ಕೂತು ಓದಿದೆ. ಗುಬ್ಬಿ ಬರುವುದಕ್ಕೆ, ಕಲ್ಲು ಹಾರುವುದಕ್ಕೆ, ಆಟಗಾರರು ಸೇರುವುದಕ್ಕೆ ಸಾಲುಗಳಿವೆ. ಇವೆಲ್ಲ ಪೂರ್ತಿಯಾಗಿ ಹೊರಹೋಗುವುದಕ್ಕೆ ಒಂದು ಸಾಲೂ ಇಲ್ಲ. ಇದು ನಿನ್ನೊಬ್ಬಳ ತಪ್ಪಲ್ಲ, ಆಟ ಕಟ್ಟಲು ಹೊರಟ ಹೆಚ್ಚಿನ ಮಕ್ಕಳು ಮಾಡುವ ತಪ್ಪು. ಅದಕ್ಕೇ ಎಲ್ಲರೂ ಓದಲೆಂದು ಈ ಪತ್ರ.

ನಿಮ್ಮೂರು ಗುಬ್ಬಿಯ ಹೆಸರನ್ನು ನಾಡಿಗೆಲ್ಲ ಸಾರಿದ್ದು 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ. ಆ ಕಂಪನಿಯ ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದರು. ಆನೆ ಬಂದದ್ದನ್ನು ಎಲ್ಲರೂ ಹೇಳುತ್ತಾರೆ. ನಾನು ಯೋಚಿಸುವುದು ಅದು ಹೋದ ಬಗೆಯನ್ನು. ಅಷ್ಟು ದೊಡ್ಡ ಪ್ರಾಣಿ ಹೊರಹೋಗುವ ದಾರಿ ಗೊತ್ತಿಲ್ಲದೆ ಅದನ್ನು ಒಳಗೆ ಬಿಟ್ಟುಕೊಳ್ಳಲಾದೀತೆ? ಅದು ಸರಿಯದೆ ಮುಂದಿನ ದೃಶ್ಯಕ್ಕೆ ಪರದೆ ಏಳದು. ನಾಟಕ ಬರೆಯುವವರು ಪಾತ್ರದ ಪ್ರವೇಶವನ್ನು ಬರೆದ ಹಾಗೆಯೇ ನಿಷ್ಕ್ರಮಣವನ್ನೂ ಬರೆಯುತ್ತಾರೆ. ಆಟದ ಸ್ಕ್ರಿಪ್ಟಿಗೂ ಈ ಶಿಸ್ತು ಬೇಕು.

ನಿನ್ನ ಕವಣೆ ಕಲ್ಲನ್ನೇ ನೋಡು. ಗುರಿ ತಪ್ಪಿದ ಕಲ್ಲು ಪರದೆಯಾಚೆ ಹೋದ ಮೇಲೂ ಹಾರುತ್ತಲೇ ಇರುತ್ತದೆ. ಸೆಕೆಂಡಿಗೆ ನಾಲ್ಕು ಕಲ್ಲು ಬೀಸಿದರೆ ಹತ್ತು ನಿಮಿಷಕ್ಕೆ 2,400. ಸೆಕೆಂಡಿಗೆ 60 ಫ್ರೇಮ್ ಅಂದರೆ, ಯಾರ ಕಣ್ಣಿಗೂ ಬೀಳದ ಆ ಕಲ್ಲುಗಳಿಗಾಗಿ ಕಂಪ್ಯೂಟರ್ ಪ್ರತಿ ಸೆಕೆಂಡ್ 1,44,000 ಸಲ ಲೆಕ್ಕ ಹಾಕಬೇಕು. ನಮ್ಮ ಕುಣಿಗಲ್ ದೊಡ್ಡಕೆರೆಗೆ ತೂಬು, ಕೋಡಿ ಇಲ್ಲದಿದ್ದರೆ ಏರಿ ನಿಲ್ಲುತ್ತಿತ್ತೇ? ಮೆಮೊರಿಯ ಕಥೆಯೂ ಅದೇ.

ಗುಬ್ಬಿಗೆ ಕಲ್ಲು ತಾಗಿದಾಗ ನೀನು 'ಹೈಡ್' ಬಳಸಿದ್ದೀಯ. ಮರೆಮಾಡುವುದು ತೆಗೆಯುವುದಲ್ಲ. ನೀನು ಆಟ ಕಟ್ಟಲು ಬಳಸುವ ಎಂಜಿನ್ ಆದ ಗೋಡಾಟ್‌ನಲ್ಲಿ ಹೈಡ್ ಮಾಡಿದ ನೋಡ್, ಅಂದರೆ ಆಟದ ವಸ್ತು, ಕಾಣುವುದಿಲ್ಲ ಅಷ್ಟೇ. ಅದರ ಸ್ಕ್ರಿಪ್ಟ್ ಓಡುತ್ತಿರುತ್ತದೆ, ಡಿಕ್ಕಿಯೂ ಆಗುತ್ತದೆ. ಬರಿಗಾಳಿಗೆ ಕಲ್ಲು ತಾಗಿ ಅಂಕ ಬಂದದ್ದು ಇದರಿಂದಲೇ. ಇನ್ನೊಂದು ಕಡೆ 'ರಿಮೂವ್ ಚೈಲ್ಡ್' ಹಾಕಿದ್ದೀಯ. ಅದು ನೋಡನ್ನು ದೃಶ್ಯದಿಂದ ಬಿಡಿಸುತ್ತದೆ, ಮೆಮೊರಿಯಿಂದ ಅಲ್ಲ. ಹಾಗೆ ಬಿಟ್ಟ ನೋಡುಗಳು ದಿಕ್ಕಿಲ್ಲದೆ ಉಳಿದುಬಿಡುತ್ತವೆ. ಪೂರ್ತಿ ತೆಗೆಯಲು 'ಕ್ಯೂ ಫ್ರೀ' ಇದೆ. ಕಲ್ಲು ಪರದೆ ದಾಟಿದಾಗ ಸಿಗ್ನಲ್ ಕೊಡುವ ನೋಡ್ ಕೂಡ ಗೋಡಾಟ್‌ನಲ್ಲೇ ಇದೆ. ಆ ಸಿಗ್ನಲ್ ಬಂದೊಡನೆ ಕ್ಯೂ ಫ್ರೀ ಮಾಡು.

ಬೇರೆ ಎಂಜಿನ್‌ಗಳಲ್ಲಿ ಹೆಸರು ಬೇರೆ, ನ್ಯಾಯ ಒಂದೇ. ಯೂನಿಟಿಯಲ್ಲಿ 'ಡಿಸ್ಟ್ರಾಯ್'ಗೆ ಗೇಮ್ ಆಬ್ಜೆಕ್ಟನ್ನೇ ಕೊಡಬೇಕು. 'ದಿಸ್' ಎಂದು ಕೊಟ್ಟರೆ ಸ್ಕ್ರಿಪ್ಟ್ ಮಾತ್ರ ಹೋಗಿ ವಸ್ತು ನಿಂತಿರುತ್ತದೆ. ರೋಬ್ಲಾಕ್ಸ್‌ನ ಡಿಸ್ಟ್ರಾಯ್ ವಸ್ತುವನ್ನೂ ಅದರ ಮಕ್ಕಳನ್ನೂ ತೆಗೆದು, ಅದಕ್ಕೆ ಕಟ್ಟಿದ ಈವೆಂಟ್ ನಂಟುಗಳನ್ನು ಕಡಿಯುತ್ತದೆ. ಶಾಲೆಯ ಮಕ್ಕಳ ಸ್ಕ್ರ್ಯಾಚ್‌ನಲ್ಲಿ 300 ಕ್ಲೋನ್ ಆದರೆ ಮುಂದಿನದು ಹುಟ್ಟುವುದೇ ಇಲ್ಲ. ಅಲ್ಲಿ ಮಿತಿ ಕಣ್ಣಿಗೆ ಕಾಣುತ್ತದೆ, ನಿನ್ನ ಆಟದಲ್ಲಿ ಅದು ತಡವರಿಕೆಯಾಗಿ ಕಾಣಿಸಿಕೊಂಡಿತು.

ಕ್ಯೂ ಫ್ರೀ ಬರೆದೊಡನೆ ಕೆಲಸ ಮುಗಿಯಿತು ಎಂದುಕೊಳ್ಳಬೇಡ. ಅದು ನೋಡನ್ನು ಆ ಕ್ಷಣವೇ ಅಳಿಸುವುದಿಲ್ಲ, ಫ್ರೇಮ್ ಮುಗಿದ ಮೇಲೆ ಅಳಿಸುತ್ತದೆ. ಅಷ್ಟರೊಳಗೆ ಎರಡನೇ ಕಲ್ಲು ಅದೇ ಗುಬ್ಬಿಗೆ ತಾಗಿದರೆ ಅಂಕ ಎರಡು ಸಲ ಬರುತ್ತದೆ. ಆದ್ದರಿಂದ ಮೊದಲ ಪೆಟ್ಟಿಗೇ 'ಇದು ಹೊರಟಿದೆ' ಎಂದು ಗುರುತು ಹಾಕು, ಗುರುತಿದ್ದರೆ ಮತ್ತೆ ಎಣಿಸಬೇಡ. ಅಳಿದ ಗುಬ್ಬಿಯ ನೆನಪು ನಿನ್ನ ಪಟ್ಟಿಗಳಲ್ಲೂ ಉಳಿದಿರುತ್ತದೆ. ಹೊಲದ ಸ್ಕ್ರಿಪ್ಟ್ ಎರಡು ಸೆಕೆಂಡ್ ಕಾದು ಅದೇ ಗುಬ್ಬಿಯನ್ನು ಮುಟ್ಟಲು ಹೋಗುತ್ತದಲ್ಲ, ಆಟ ನಿಂತುಹೋದದ್ದು ಅಲ್ಲೇ. ಮುಟ್ಟುವ ಮೊದಲು ಅದು ಇದೆಯೇ ಎಂದು ಕೇಳಬೇಕು. ಇನ್ನು ಪಟ್ಟಿಯಿಂದ ತೆಗೆಯುವಾಗ ಕೊನೆಯಿಂದ ಮೊದಲಿಗೆ ಬಾ. ಮೊದಲಿನಿಂದ ಹೊರಟರೆ ಒಂದನ್ನು ತೆಗೆದಾಗ ಮುಂದಿನದು ಅದರ ಜಾಗಕ್ಕೆ ಸರಿದು, ನಿನ್ನ ಕೈ ತಪ್ಪಿಸಿಕೊಳ್ಳುತ್ತದೆ.

ಕಲ್ಲು, ಗುಬ್ಬಿಗಳ ಮಾತು ಇಷ್ಟು. ಆಟಗಾರರ ಮಾತು ಇದಕ್ಕಿಂತ ದೊಡ್ಡದು, ಏಕೆಂದರೆ ಆ ಕಡೆ ಕೂತಿರುವುದು ಮನುಷ್ಯರು.

ನಾನು ಆಟ ಕಟ್ಟುವ ಕೆಲಸಕ್ಕೆ ಸೇರಿದ ಹೊಸತರಲ್ಲಿ ಆಟಗಾರ ಹೊರಟಾಗ ನಡೆಯಬೇಕಾದ ಕೆಲಸ ಬರೆದಿದ್ದೆ. ಮೊದಲು ಪಟ್ಟಿಯಿಂದ ತೆಗೆದು, ಆಮೇಲೆ ಅವನ ಗಳಿಕೆ ಉಳಿಸಿದೆ. ಪಟ್ಟಿಯಲ್ಲಿ ಹೆಸರೇ ಇಲ್ಲದ್ದರಿಂದ ಸ್ಕ್ರಿಪ್ಟ್ ಗಳಿಕೆ ಸೊನ್ನೆಯೆಂದು ಓದಿ, ಹಳೆಯ ದಾಖಲೆಯ ಮೇಲೆ ಸೊನ್ನೆಯನ್ನೇ ಬರೆದುಬಿಟ್ಟಿತು. ರಜೆಯಿಡೀ ಆಡಿ ಕೂಡಿಟ್ಟ ಹುಡುಗನೊಬ್ಬನ ನಾಣ್ಯಗಳೆಲ್ಲ ಹೋದವು. ಅವನ ತಾಯಿ ಫೋನ್ ಮಾಡಿದಾಗ ಹಿಂದೆ ಹುಡುಗ ಅಳುವುದು ಕೇಳುತ್ತಿತ್ತು. ಎರಡು ಸಾಲುಗಳ ಹಿಂದುಮುಂದು ಒಂದು ಮಗುವಿನ ಕಣ್ಣಲ್ಲಿ ನೀರು ತರಿಸಬಲ್ಲದು ಎಂದು ಅವತ್ತು ಕಲಿತೆ.

ಅಂದಿನಿಂದ ನಾನು ಬಿಡದೆ ಪಾಲಿಸಿದ ಕ್ರಮ ಹೀಗಿದೆ. ಮೊದಲು ಅವರ ಗಳಿಕೆಯನ್ನು ಉಳಿಸು, ಉಳಿಯಿತೆಂದು ಖಾತ್ರಿ ಮಾಡಿಕೋ. ಬಳಿಕ ಅವರಿಗೆ ಅಂಟಿಕೊಂಡ ಎಲ್ಲವನ್ನೂ ಬಿಡಿಸು: ಅವರ ಕೈಯ ಕವಣೆ ಯಾರಿಗೆ, ಅರ್ಧ ತುಂಬಿದ ರಾಗಿ ಮಂಕರಿ ಏನಾಗಬೇಕು, ಸರದಿ ಅವರದ್ದಾಗಿದ್ದರೆ ಮುಂದೆ ಯಾರಿಗೆ ಹೋಗಬೇಕು. ಆಮೇಲೆ ಉಳಿದ ಆಟಗಾರರಿಗೆ ತಿಳಿಸು. ಕೊನೆಗೆ ಪಟ್ಟಿಯಿಂದ ತೆಗೆ. ಇಷ್ಟೂ ಸರ್ವರ್‌ನಲ್ಲೇ ಆಗಬೇಕು. ಒಬ್ಬರ ಫೋನಿನಲ್ಲಷ್ಟೇ ತೆಗೆದರೆ ಉಳಿದವರ ಪರದೆಯಲ್ಲಿ ಅವರು ನಿಂತೇ ಇರುತ್ತಾರೆ.

ಎಲ್ಲರೂ ಹೇಳಿ ಹೋಗುವುದಿಲ್ಲ. ಕರೆಂಟ್ ಹೋಗುತ್ತದೆ, ರೈಲಿನಲ್ಲಿ ಸಿಗ್ನಲ್ ತಪ್ಪುತ್ತದೆ. ಅಂಥವರು ಹೋದದ್ದು ಸರ್ವರ್‌ಗೆ ತಕ್ಷಣ ಗೊತ್ತಾಗದು. ಒಂದಷ್ಟು ಹೊತ್ತು ಉತ್ತರ ಬಾರದಿದ್ದ ಮೇಲಷ್ಟೇ ತಿಳಿಯುತ್ತದೆ. ಹಾಗಾಗಿ ಗಳಿಕೆಯನ್ನು ಹೊರಡುವ ಹೊತ್ತಿಗೆಂದು ಕಾಯಿಸದೆ ಆಗಾಗ ಉಳಿಸುತ್ತಿರು. ಸಂಪರ್ಕ ಕಡಿದವರ ಜಾಗವನ್ನು ಒಂದೆರಡು ನಿಮಿಷವಾದರೂ ಕಾದಿರಿಸು. ಸರ್ವರನ್ನೇ ಮುಚ್ಚುವಾಗಲೂ ಉಳಿಸುವ ಕೆಲಸ ಮೊದಲಾಗಬೇಕು. ರೋಬ್ಲಾಕ್ಸ್‌ನಲ್ಲಿ ಅದಕ್ಕೆ ಸಿಗುವುದು ಹೆಚ್ಚೆಂದರೆ 30 ಸೆಕೆಂಡ್. ತಪ್ಪು ಮಾಡಿದವರನ್ನು ನೀನೇ ಹೊರಗೆ ಕಳಿಸಬೇಕಾಗಿ ಬಂದರೆ ಕಾರಣವನ್ನು ಕನ್ನಡದಲ್ಲಿ ಒಂದು ಸಾಲು ಬರೆದು ತೋರಿಸು. ಕಾರಣ ಹೇಳದೆ ಯಾರನ್ನೂ ಹೊರಗೆ ನಿಲ್ಲಿಸಬಾರದು. ಅವರು ನ್ಯಾಯವಾಗಿ ಗಳಿಸಿದ್ದನ್ನೂ ಕಿತ್ತುಕೊಳ್ಳಬಾರದು.

ಇವನ್ನೆಲ್ಲ ನೆನಪಿಡುವುದು ಕಷ್ಟವೆನಿಸಿದರೆ ಒಂದೇ ರೂಢಿ ಮಾಡಿಕೋ. ಏನನ್ನೇ ಹುಟ್ಟಿಸುವ ಸಾಲು ಬರೆದಾಗ, ಅದು ಹೋಗುವ ಸಾಲನ್ನು ಬರೆಯದೆ ಕುರ್ಚಿಯಿಂದ ಏಳಬೇಡ.

ಇವನ್ನೆಲ್ಲ ತಿದ್ದಿದ ಮೇಲೆ ಒಂದು ಗಂಟೆ ಬಿಡದೆ ಆಡು. ಗೋಡಾಟ್ ಡೀಬಗರ್‌ನ ಮಾನಿಟರ್ ಪುಟದಲ್ಲಿ ಎಷ್ಟು ನೋಡುಗಳಿವೆ, ದಿಕ್ಕಿಲ್ಲದವು ಎಷ್ಟು ಎಂಬ ಎಣಿಕೆ ಇರುತ್ತದೆ. ಹೊಲ ಖಾಲಿಯಾದಾಗ ಎಣಿಕೆ ಶುರುವಿನಲ್ಲಿದ್ದಷ್ಟಕ್ಕೇ ಮರಳಿದರೆ, ದಿಕ್ಕಿಲ್ಲದವು ಸೊನ್ನೆಯಾದರೆ, ನಿನ್ನ ಆಟ ಬೇರೆ ಮಕ್ಕಳ ಕೈಗೆ ಕೊಡುವಷ್ಟು ಗಟ್ಟಿಯಾಗಿದೆ. ಅಲ್ಲಿಯವರೆಗೆ ಯಾರಿಗೂ ಕೊಡಬೇಡ, ಮಗಳೇ.

ಇಂತಿ,
ನಿನ್ನ ದೊಡ್ಡಮ್ಮ